ಮಗಳು ಲಾ ಓದಿದರೆ ಮನೆಗೇನು ಲಾಭ?



ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಸಾಸ್ವೆಹಳ್ಳಿಯ ಮನೆಗಳಲ್ಲಿ ಒಂದೇ ಚರ್ಚೆ. ಮಗಳು ನರ್ಸಿಂಗ್ ಮಾಡಲಿ, ಬಿ.ಕಾಂ. ಸೇರಲಿ, ಟೀಚರ್ ಆಗಲಿ ಎನ್ನುತ್ತೇವೆ. ಅವಳೇ ಬಾಯಿಬಿಟ್ಟು ‘ನಾನು ಲಾ ಓದುತ್ತೇನೆ’ ಎಂದರೆ ಮಾತ್ರ ಮನೆಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ಕೋರ್ಟು ಕಚೇರಿ ಹೆಣ್ಣುಮಕ್ಕಳಿಗೆ ಯಾಕೆ? ವಕೀಲಿ ಎಂದರೆ ಸುಳ್ಳಿನ ಕಸುಬಲ್ಲವೇ? ವಾದ ಮಾಡುವ ಹುಡುಗಿಗೆ ಗಂಡು ಎಲ್ಲಿ ಸಿಗುತ್ತಾನೆ?

ವಾದ ಮಾಡಿದ ಹೆಣ್ಣಿನ ಹೆಸರಿನಲ್ಲೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಅದು 58ನೆಯ ಸೂರಃ, ಅಲ್ ಮುಜಾದಿಲಃ. ಖೌಲಾ ಬಿಂತ್ ಸಅ್‌ಲಬಾ(ರ)ರನ್ನು ಪತಿಯು ‘ನೀನು ನನಗೆ ತಾಯಿಯಂತೆ’ ಎಂದು ದೂರ ಮಾಡಿದಾಗ ಅವರು ಅಳುತ್ತಾ ಮೂಲೆ ಸೇರಲಿಲ್ಲ. ನೇರವಾಗಿ ಪ್ರವಾದಿ(ಸ)ಯವರ ಬಳಿಗೆ ಬಂದು ತಮ್ಮ ಅಹವಾಲನ್ನು ಮತ್ತೆ ಮತ್ತೆ ಮಂಡಿಸಿದರು. ಅಲ್ಲಾಹನು ಆ ಮಾತನ್ನು ಆಲಿಸಿದನು. ಜಾಹಿಲಿಯ್ಯಾ ಕಾಲದ ಆ ದುಷ್ಟ ಪದ್ಧತಿ ರದ್ದಾಯಿತು. ತನಗಾದ ಅನ್ಯಾಯವನ್ನು ಸ್ಪಷ್ಟವಾಗಿ ಹೇಳುವುದು ಹೆಣ್ಣಿಗೆ ಅಶೋಭೆಯಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ?

ಕುರ್‌ಆನಿನ ಅತಿ ದೀರ್ಘ ಆಯತ್ ಯಾವುದು ಗೊತ್ತೇ? ಅಲ್ ಬಕರಃದ 282ನೆಯ ಆಯತ್. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು, ಸಾಕ್ಷಿಗಳನ್ನು ಇಟ್ಟುಕೊಳ್ಳುವುದು. ನಾವಾದರೋ ಓದದೆ ಸಹಿ ಹಾಕುವವರು. ತಂದೆ ತೀರಿಕೊಂಡ ಮೇಲೆ ಅಣ್ಣಂದಿರು ತರುವ ಹಕ್ಕು ಬಿಡುಗಡೆ ಪತ್ರಕ್ಕೆ ಎಷ್ಟು ಮಂದಿ ತಂಗಿಯರು ‘ತವರು ಉಳಿಯಲಿ’ ಎಂದು ಹೆಬ್ಬೆಟ್ಟು ಒತ್ತಿಲ್ಲ! ಅನ್ನಿಸಾ ಅಧ್ಯಾಯ ಹೆಣ್ಣಿಗೆ ಗೊತ್ತುಪಡಿಸಿದ ಪಾಲು ಅಲ್ಲಿಗೆ ಮುಗಿಯಿತು. ಪಾಲನ್ನು ಮನಸಾರೆ ಬಿಟ್ಟುಕೊಡುವುದು ಬೇರೆ, ಏನು ಬಿಡುತ್ತಿದ್ದೇನೆಂದು ತಿಳಿಯದೆ ಬಿಡುವುದು ಬೇರೆ.

ಲಾ ಓದಿದ ಮಗಳ ಮೊದಲ ಲಾಭ ಇದೇ. ಅವಳು ಕಾಗದ ಓದುತ್ತಾಳೆ. ಪಹಣಿ, ಕ್ರಯಪತ್ರ, ಬ್ಯಾಂಕಿನ ಜಾಮೀನು ಪತ್ರ, ನಿಕಾಹ್‌ನಾಮ ಯಾವುದೇ ಇರಲಿ, ಸಹಿಗೆ ಮುಂಚೆ ಅವಳ ಕಣ್ಣು ಅದರ ಮೇಲೆ ಹಾಯುತ್ತದೆ. ಎರಡನೆಯದು, ಕೇಳಿದ ಮಾತನ್ನೆಲ್ಲ ನಂಬದೆ ಸಾಕ್ಷ್ಯ ಕೇಳುವ, ಎರಡೂ ಕಡೆಯ ಮಾತು ಆಲಿಸುವ ಅಭ್ಯಾಸ. ಅತ್ತೆ ಸೊಸೆಯರ ಜಗಳಕ್ಕೂ ಇದು ಔಷಧಿಯೇ. ಮೂರನೆಯದು, ನೊಂದ ಹೆಣ್ಣುಮಕ್ಕಳಿಗೆ ಆಸರೆ. ಗಂಡ ನಾಲ್ಕು ವರ್ಷ ನಾಪತ್ತೆಯಾದರೆ ಅಥವಾ ಎರಡು ವರ್ಷ ಜೀವನಾಂಶ ಕೊಡದಿದ್ದರೆ ವಿವಾಹ ವಿಚ್ಛೇದನ ಕೋರುವ ಹಕ್ಕು 1939ರ ಕಾಯ್ದೆಯಲ್ಲೇ ಇದೆ. ವಿಚ್ಛೇದಿತ ಮುಸ್ಲಿಮ್ ಮಹಿಳೆಯೂ ಸಾಮಾನ್ಯ ಕಾನೂನಿನಡಿ ಜೀವನಾಂಶ ಕೇಳಬಹುದೆಂದು 2024ರ ಜುಲೈಯಲ್ಲಿ ಸುಪ್ರೀಮ್ ಕೋರ್ಟ್ ಹೇಳಿದೆ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಮಹಿಳೆಗೆ, ಅವಳ ಆದಾಯವೆಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಇದಕ್ಕಾಗಿ 15100 ಸಂಖ್ಯೆಗೆ ಕರೆ ಮಾಡಬಹುದು. ಆದರೆ ಮನೆಯ ಒಳಸಂಕಟವನ್ನು ಪರಪುರುಷನ ಮುಂದೆ ಹೇಳಲಾರದೆ ನುಂಗಿಕೊಳ್ಳುವ ಸಹೋದರಿಗೆ ಎದುರು ಕುಳಿತು ಕೇಳುವ ಒಬ್ಬ ಹೆಣ್ಣು ಬೇಕಲ್ಲವೇ?

ಕೇರಳದ ಫಾತಿಮಾ ಬೀವಿಯವರು 1950ರಲ್ಲಿ ವಕೀಲಿ ಆರಂಭಿಸಿ 1989ರಲ್ಲಿ ಸುಪ್ರೀಮ್ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಮೂರ್ತಿಯಾದರು. ನಮ್ಮ ಹಾಸನದ ಬಾನು ಮುಷ್ತಾಕ್‌ರವರು ವಕೀಲೆಯೂ ಹೌದು, ಕಥೆಗಾರ್ತಿಯೂ ಹೌದು. 2025ರಲ್ಲಿ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು.

ಪಿಯುಸಿ ನಂತರವಾದರೆ ಐದು ವರ್ಷ, ಪದವಿಯ ನಂತರವಾದರೆ ಮೂರು ವರ್ಷದ ಓದು. ನಮ್ಮವರಿಗೆ ಶಿವಮೊಗ್ಗ, ದಾವಣಗೆರೆ ಎರಡೂ ಕಡೆ ಕಾನೂನು ಕಾಲೇಜುಗಳಿವೆ. ಪದವಿಯ ಬಳಿಕ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಅಖಿಲ ಭಾರತ ಬಾರ್ ಪರೀಕ್ಷೆ. ನಿಜ ಹೇಳಬೇಕೆಂದರೆ ಮೊದಲ ಕೆಲವು ವರ್ಷ ಹಿರಿಯರ ಕೈಕೆಳಗೆ ದುಡಿಯಬೇಕು, ಸಂಪಾದನೆ ಅಲ್ಪ. ನ್ಯಾಯಾಧೀಶೆಯಾಗಲು ಮೂರು ವರ್ಷದ ವಕೀಲಿ ಅನುಭವ ಬೇಕೆಂದು 2025ರ ಮೇಯಲ್ಲಿ ಸುಪ್ರೀಮ್ ಕೋರ್ಟ್ ತೀರ್ಪಿತ್ತಿದೆ. ಬೇಗ ಸಂಬಳ ಬೇಕಾದ ಮನೆಯವರು ಇದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಲಿ.

ಸುಳ್ಳಿನ ಕಸುಬು ಎನ್ನುವವರಿಗೆ ಒಂದು ಮಾತು. ತಕ್ಕಡಿ ಹಿಡಿದವನು ಮೋಸ ಮಾಡಿದರೆ ದೋಷ ತಕ್ಕಡಿಯದಲ್ಲ. ಸ್ವಂತ ತಂದೆತಾಯಿಯ ವಿರುದ್ಧವಾದರೂ ಸರಿ, ನ್ಯಾಯದ ಸಾಕ್ಷ್ಯ ನುಡಿಯಬೇಕೆಂದು ಕಲಿಸುವ ಧರ್ಮ ನಮ್ಮದು. ಅಲ್ಲಾಹನ ಭಯವಿರುವ ಮಕ್ಕಳು ದೂರ ಉಳಿದರೆ ಆ ಜಾಗವನ್ನು ಯಾರು ತುಂಬುತ್ತಾರೆ? ಇನ್ನು ಗಂಡಿನ ಚಿಂತೆ. ಹೆಂಡತಿ ಕಾನೂನು ಬಲ್ಲವಳೆಂದು ಹೆದರಿ ಹಿಂದೆ ಸರಿಯುವ ವರ ತಾನಾಗಿಯೇ ಹೋದನೆಂದು ಶುಕ್ರ್ ಹೇಳಿ.

ಮಗಳು ಆ ಮಾತು ಎತ್ತಿದ ದಿನ ‘ಬೇಡ’ ಎನ್ನುವ ಮುನ್ನ ಅವಳನ್ನು ಹತ್ತಿರ ಕೂರಿಸಿ ‘ಯಾಕೆ ಓದಬೇಕು ಹೇಳು’ ಎಂದು ಕೇಳಿ. ಅವಳು ತನ್ನ ಮೊದಲ ವಾದವನ್ನು ನಿಮ್ಮ ಮುಂದೆಯೇ ಮಂಡಿಸಲಿ. ನಮ್ಮ ಹೆಣ್ಣುಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ ನ್ಯಾಯದಲ್ಲಿ ಸ್ಥಿರತೆಯನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.