ಸನ್ನದಿನ ಪರೀಕ್ಷೆಗೆ ಕನ್ನಡ ಸೈ, ಸೀಟಿನ ಪರೀಕ್ಷೆಗೆ ಏಕಿಲ್ಲ?

ತಾಲ್ಲೂಕು ಕೋರ್ಟಿನ ವರಾಂಡ ನಮ್ಮಂಥ ಸ್ಟ್ರಿಂಜರ್‌ಗಳಿಗೆ ಅರ್ಧ ಆಫೀಸು. ಸುದ್ದಿಗೆ ಬರ ಬಂದ ದಿನ ಅಲ್ಲಿ ಹೋಗಿ ನಿಂತರೆ ಸಿಂಗಲ್ ಕಾಲಂಗೆ ಮೋಸವಿಲ್ಲ. ಅಲ್ಲಿ ಎಫ್‌ಐಆರ್ ಕನ್ನಡದಲ್ಲಿರುತ್ತದೆ, ಪಹಣಿ ಕನ್ನಡದಲ್ಲಿರುತ್ತದೆ. ಸಾಕ್ಷಿ ಕಟಕಟೆಯಲ್ಲಿ ನಿಂತು ಹೇಳುವುದು, ವಕೀಲರು ಪಾಟೀಸವಾಲು ಮಾಡುವುದು, ಹೊರಗೆ ಬಂದು ಕಕ್ಷಿದಾರನಿಗೆ "ಮುಂದಿನ ತಾರೀಖಿಗೆ ತಪ್ಪದೆ ಬಾರಪ್ಪ" ಎನ್ನುವುದು ಎಲ್ಲವೂ ಕನ್ನಡದಲ್ಲೇ.

ಕಳೆದ ಮೇ ತಿಂಗಳಲ್ಲಿ ಅದೇ ವರಾಂಡದಲ್ಲಿ ಒಬ್ಬ ಹುಡುಗಿ ಸಿಕ್ಕಳು. ಅಪ್ಪನ ಜಮೀನಿನ ವ್ಯಾಜ್ಯಕ್ಕೆ ಜತೆಯಾಗಿ ಬಂದಿದ್ದಳು. ಒಂದರಿಂದ ಹತ್ತರವರೆಗೆ ಊರಿನ ಸರ್ಕಾರಿ ಶಾಲೆ, ಪಿಯು ಕಲಾ ವಿಭಾಗದಲ್ಲಿ ಶೇ 90 ದಾಟಿದ ಅಂಕ. ಅಪ್ಪನ ಕೇಸಿನ ಕಾಗದಗಳನ್ನು ವಕೀಲರ ಗುಮಾಸ್ತರಿಗಿಂತ ಚೆನ್ನಾಗಿ ಜೋಡಿಸಿಟ್ಟುಕೊಂಡಿದ್ದಳು. "ಅಣ್ಣಾ, ಬೆಂಗಳೂರಿನ ಲಾ ಸ್ಕೂಲಿಗೆ ಅರ್ಜಿ ಯಾವಾಗ ಹಾಕಬೇಕು?" ಎಂದು ಕೇಳಿದಳು. ಪರೀಕ್ಷೆ ಡಿಸೆಂಬರಿನಲ್ಲೇ ಮುಗಿದಿದೆ ಎಂದೆವು. ಅವಳು ನಂಬಲಿಲ್ಲ. "ನಾವು ಪಿಯು ಪರೀಕ್ಷೆ ಬರೆಯೋಕೆ ಮೊದ್ಲೇನಾ?"

ಹೌದು, ಮೊದಲೇ. ಆದರೆ ಆ ಪರೀಕ್ಷೆ ಮೇ ತಿಂಗಳಲ್ಲೇ ನಡೆದಿದ್ದರೂ ಅವಳಿಗೆ ದಕ್ಕುತ್ತಿತ್ತೇ ಎಂಬುದು ಅವಳು ಹೋದ ಮೇಲೆ ನಮ್ಮನ್ನು ಕಾಡಿದ ಪ್ರಶ್ನೆ.

ನಾಗರಬಾವಿಯಲ್ಲಿರುವ ರಾಷ್ಟ್ರೀಯ ಕಾನೂನು ಶಾಲೆ ವಿಶ್ವವಿದ್ಯಾಲಯ ಹುಟ್ಟಿದ್ದು ಕರ್ನಾಟಕದ ವಿಧಾನಮಂಡಲ 1986ರಲ್ಲಿ ಮಾಡಿದ ಕಾಯ್ದೆಯಿಂದ. ಮಾಧವ ಮೆನನ್ ಅವರ ಮುಂದಾಳತ್ವದಲ್ಲಿ 1988ರಲ್ಲಿ ಮೊದಲ ತಂಡ ಸೇರಿತು. ಐದು ವರ್ಷದ ಬಿ.ಎ., ಎಲ್‌ಎಲ್‌.ಬಿ. ಮಾದರಿಯನ್ನು ದೇಶಕ್ಕೆ ತೋರಿಸಿಕೊಟ್ಟ ಸಂಸ್ಥೆ ಅದು. ನಮಗೆ ಅದರ ಬಗ್ಗೆ ಹೆಮ್ಮೆ ಇದೆ. ಜಗಳವಿರುವುದು ಬಾಗಿಲಿನ ಬಗ್ಗೆ.

ಆ ಬಾಗಿಲಿನ ಹೆಸರು ಕ್ಲಾಟ್. 2008ರಿಂದ ನಡೆಯುತ್ತಿದೆ. ಈಗ ಎರಡು ಗಂಟೆಯಲ್ಲಿ 120 ಪ್ರಶ್ನೆ, ತಪ್ಪಿದರೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂದು ಐದು ವಿಭಾಗ. ಹೆಸರಿಗಷ್ಟೇ ಐದು. ಎಲ್ಲದರಲ್ಲೂ ಉದ್ದನೆಯ ಇಂಗ್ಲಿಷ್ ಪ್ಯಾರಾ ಓದಿಯೇ ಉತ್ತರಿಸಬೇಕು. ಹತ್ತನೇ ತರಗತಿಯ ಶೇಕಡಾವಾರು ಲೆಕ್ಕವೂ ಇಂಗ್ಲಿಷ್ ಕಥೆಯೊಂದರ ಹೊಟ್ಟೆಯೊಳಗೆ ಕೂತಿರುತ್ತದೆ. ಅರ್ಜಿ ಶುಲ್ಕ 4,000 ರೂಪಾಯಿ. ಪರಿಶಿಷ್ಟರಿಗೆ, ಬಡತನ ರೇಖೆಯ ಕೆಳಗಿನವರಿಗೆ 3,500. ರಿಯಾಯಿತಿ ಎಂದರೆ ಐನೂರು ರೂಪಾಯಿ!

ಈಗ ಉಳಿದ ಪರೀಕ್ಷೆಗಳನ್ನು ನೋಡಿ. ಡಾಕ್ಟರಾಗಲು ಬರೆಯುವ ನೀಟ್ ಕನ್ನಡದಲ್ಲಿದೆ. ಎಂಜಿನಿಯರಾಗಲು ಬರೆಯುವ ಜೆಇಇ ಮೇನ್ ಕನ್ನಡದಲ್ಲಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಲ್ಲಿ ಶುರುವಾದ ಸಿಯುಇಟಿ ಕನ್ನಡದಲ್ಲಿದೆ. ಇವೆಲ್ಲ ಬೇಡ, ಕಾನೂನಿನದೇ ನೋಡೋಣ. ಪದವಿ ಮುಗಿಸಿದವರು ವಕೀಲಿ ಮಾಡಲು ಭಾರತೀಯ ವಕೀಲರ ಪರಿಷತ್ತಿನ ಅಖಿಲ ಭಾರತ ಪರೀಕ್ಷೆ ಪಾಸಾಗಬೇಕು. ಅದನ್ನು ಕನ್ನಡದಲ್ಲಿ ಬರೆಯಬಹುದು. ಅಂದರೆ ಕರಿ ಕೋಟು ಹಾಕಿ ಕಕ್ಷಿದಾರನ ಜೀವನವನ್ನೇ ಕೈಗೆತ್ತಿಕೊಳ್ಳುವ ಯೋಗ್ಯತೆಯನ್ನು ಕನ್ನಡದಲ್ಲಿ ಅಳೆಯಬಹುದು. ತರಗತಿಯ ಬೆಂಚಿನ ಮೇಲೆ ಕೂರುವ ಯೋಗ್ಯತೆಯನ್ನು ಮಾತ್ರ ಅಳೆಯಲಾಗದು! ಇದಕ್ಕೆ ಯಾವ ತರ್ಕವೆಂದು ಆ ತರ್ಕ ವಿಭಾಗದ ಪ್ರಶ್ನೆ ತೆಗೆಯುವವರೇ ಹೇಳಬೇಕು.

"ಕರ್ನಾಟಕದವರಿಗೆ ಮೀಸಲಾತಿ ಇದೆಯಲ್ಲ" ಎನ್ನುವವರಿದ್ದಾರೆ. ಇದೆ. 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ಶೇ 25ರಷ್ಟು ಸೀಟು ಇಲ್ಲಿನವರಿಗೆ ಎಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ ವಿಶ್ವವಿದ್ಯಾಲಯವೇ ತನ್ನ ನೀತಿಯಾಗಿ 2021ರಿಂದ ಅಷ್ಟೇ ಪ್ರಮಾಣವನ್ನು ಜಾರಿಗೆ ತಂದಿತು. ಒಳ್ಳೆಯದೇ. ಆದರೆ ಕರ್ನಾಟಕದ ವಿದ್ಯಾರ್ಥಿ ಎನ್ನಿಸಿಕೊಳ್ಳಲು ಬೇಕಾದದ್ದು ಇಲ್ಲಿ ಹತ್ತು ವರ್ಷದ ಓದು. ಬೆಂಗಳೂರಿನ ಐಸಿಎಸ್‌ಇ ಶಾಲೆಯಲ್ಲಿ ಓದಿ, ಕೋಚಿಂಗಿಗೆ ಲಕ್ಷ ಸುರಿದವನೂ ಕರ್ನಾಟಕದವನೇ. ಅಪ್ಪನ ಪಹಣಿ ಹಿಡಿದು ನಿಂತ ನಮ್ಮ ಹುಡುಗಿಯೂ ಕರ್ನಾಟಕದವಳೇ. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿ ಇಂಗ್ಲಿಷ್ ಓಟಕ್ಕೆ ಬಿಟ್ಟರೆ ಯಾರು ಗೆಲ್ಲುತ್ತಾರೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಈ ಮೀಸಲಾತಿ ವಿಳಾಸ ನೋಡುತ್ತದೆ, ಶಾಲೆ ನೋಡುವುದಿಲ್ಲ.

ಶಾಲೆ ನೋಡುವುದು ಹೇಗೆಂದು ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ ವಿಷಯವೇನಲ್ಲ. ಸಿಇಟಿ ಸೀಟು ಹಂಚಿಕೆಯಲ್ಲಿ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲಿದೆ. ಎಷ್ಟೋ ಹಳ್ಳಿ ಮಕ್ಕಳು ಎಂಜಿನಿಯರುಗಳಾದದ್ದು ಆ ಬಾಗಿಲಿನಿಂದ. ನಾಗರಬಾವಿಯ ಶೇ 25ರೊಳಗೆ ಅಂಥದೊಂದು ಕಿಂಡಿಯನ್ನೂ ಇಟ್ಟಿಲ್ಲ.

ಎದುರು ವಾದವನ್ನೂ ಕೇಳೋಣ. ಅದರಲ್ಲಿ ಹುರುಳಿಲ್ಲ ಎಂದು ನಾವು ಹೇಳುವುದಿಲ್ಲ. ಸಂವಿಧಾನದ 348ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟಿನ, ಹೈಕೋರ್ಟುಗಳ ಕಲಾಪ ಇಂಗ್ಲಿಷಿನಲ್ಲಿ. ತೀರ್ಪುಗಳು ಇಂಗ್ಲಿಷಿನಲ್ಲಿ. ಪಾಠ ಇಂಗ್ಲಿಷಿನಲ್ಲಿ. ಭಾಷೆ ಬಾರದವರನ್ನು ಒಳಗೆ ತಂದು ಐದು ವರ್ಷ ನರಳಿಸುವುದು ಯಾವ ನ್ಯಾಯ? ಸರಿಯಾದ ಪ್ರಶ್ನೆ. ಪತ್ರಿಕೋದ್ಯಮ ಡಿಪ್ಲೊಮಾ ತರಗತಿಯಲ್ಲಿ ಇಂಗ್ಲಿಷ್ ನೋಟ್ಸ್ ಎದುರು ಬೆವರಿದ ನಮಗೆ ಆ ನರಳಾಟ ಗೊತ್ತು. ಆದರೆ ಮೂರು ತಿಂಗಳಲ್ಲಿ ಆ ನೋಟ್ಸ್ ಓದಲು ಕಲಿತದ್ದೂ ಗೊತ್ತು. ಇಂಗ್ಲಿಷ್ ಕಲಿಯಬಹುದಾದ ವಿದ್ಯೆ. ಅದನ್ನು ಇಂಗ್ಲಿಷ್ ವಿಭಾಗದಲ್ಲಿ ಅಳೆಯಿರಿ, ಕಡಿಮೆ ಇದ್ದವರಿಗೆ ಮೊದಲ ವರ್ಷ ಕಲಿಸಿರಿ. ತರ್ಕ, ಲೆಕ್ಕ, ಲೋಕಜ್ಞಾನ ಅಳೆಯುವಾಗ ಅದನ್ನೇ ಐದು ಸಲ ಅಳೆಯಬೇಡಿ.

ಅನುವಾದ ಕೆಟ್ಟರೆ? ಈ ಭಯವೂ ಸುಳ್ಳಲ್ಲ. 2024ರ ಕೆಎಎಸ್ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳ ಎಡವಟ್ಟಿನಿಂದ ಮರುಪರೀಕ್ಷೆಯನ್ನೇ ನಡೆಸಬೇಕಾಯಿತು. ಅದರಿಂದ ಕಲಿಯಬೇಕಾದ ಪಾಠ, ಕನ್ನಡ ಬಲ್ಲವರಿಂದಲೇ ಪ್ರಶ್ನೆ ಬರೆಸಬೇಕು ಎಂಬುದು. ಕನ್ನಡವನ್ನೇ ಬಿಡಬೇಕು ಎಂಬುದಲ್ಲ.

"ಪರೀಕ್ಷೆ ನಮ್ಮ ಕೈಯಲ್ಲಿಲ್ಲ, ಒಕ್ಕೂಟದ್ದು" ಎಂಬ ನೆಪವೂ ನಿಲ್ಲುವುದಿಲ್ಲ. ಆ ಒಕ್ಕೂಟದ ಕಚೇರಿಯ ವಿಳಾಸವೂ ನಾಗರಬಾವಿಯೇ. 2020ರ ಕೋವಿಡ್ ಕಾಲದಲ್ಲಿ ಒಕ್ಕೂಟ ಬಿಟ್ಟು ಸ್ವಂತ ಪರೀಕ್ಷೆ ನಡೆಸಿ, ಸುಪ್ರೀಂ ಕೋರ್ಟಿನಿಂದ ರದ್ದು ಮಾಡಿಸಿಕೊಂಡ ಸಂಸ್ಥೆ ಇದು. ಬೇಕೆನಿಸಿದಾಗ ಅಷ್ಟು ದೂರ ಹೋಗುವ ಧೈರ್ಯ ಇದೆ ಎಂದಾಯಿತು. ಮೂರು ವರ್ಷದ ಎಲ್‌ಎಲ್‌.ಬಿ.ಗೆ ಈಗಲೂ ತನ್ನದೇ ಎನ್‌ಎಲ್‌ಎಸ್‌ಎಟಿ ನಡೆಸುತ್ತದೆ. ಕನ್ನಡದ ಪ್ರಯೋಗವನ್ನು ಅಲ್ಲಿಂದಲೇ ಶುರು ಮಾಡಲು ಯಾವ ಒಕ್ಕೂಟ ಅಡ್ಡ ಬರುತ್ತದೆ? ಪ್ರಾದೇಶಿಕ ಭಾಷೆಗಳಲ್ಲಿ ಕ್ಲಾಟ್ ನಡೆಸಬೇಕೆಂದು 2023ರಲ್ಲಿ ದೆಹಲಿ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಇದನ್ನು ಕೇಳಲು ದೆಹಲಿಯವರು ಬೇಕಾಯಿತು. ನಮ್ಮ ಶಾಸಕರಿಗೆ ಶೇ 25ರ ತಿದ್ದುಪಡಿ ಮಾಡುವಾಗಲೂ ಭಾಷೆಯ ಮಾತು ನೆನಪಾಗಲಿಲ್ಲ.

ನಮ್ಮ ಬೇಡಿಕೆ ಮೂರು. ಒಂದು, ಇಂಗ್ಲಿಷ್ ವಿಭಾಗ ಬಿಟ್ಟು ಉಳಿದ ನಾಲ್ಕನ್ನೂ ಕನ್ನಡದಲ್ಲಿ ಬರೆಯಲು ಬಿಡಿ. ಎರಡು, ಕರ್ನಾಟಕದ ಪಾಲಿನೊಳಗೆ ಸಿಇಟಿ ಮಾದರಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮದ ಮಕ್ಕಳಿಗೆ ಜಾಗ ಕೊಡಿ.

ಮೂರನೆಯದು ಪದವಿಯ ಷರತ್ತಿಗೆ ಸಂಬಂಧಿಸಿದ್ದು. ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಮಾಡಬೇಕು. ವಿಚಾರಣಾ ನ್ಯಾಯಾಲಯದ ವಕೀಲರ ಬಳಿಯೂ ಒಮ್ಮೆ ಕೆಲಸ ಕಲಿಯಬೇಕು. ಕರ್ನಾಟಕದ ಪಾಲಿನಲ್ಲಿ ಸೀಟು ಪಡೆದವರಿಗೆ ಅದರಲ್ಲಿ ನಾಲ್ಕು ವಾರವನ್ನು ಇಲ್ಲಿನ ತಾಲ್ಲೂಕು ಕೋರ್ಟಿನಲ್ಲಿ ಕಡ್ಡಾಯ ಮಾಡಿ. ಒಂದು ಎಫ್‌ಐಆರ್, ಒಂದು ಪಹಣಿ, ಒಂದು ಸಾಕ್ಷಿ ಹೇಳಿಕೆ ಓದಿ ಅರ್ಥ ಹೇಳಲಿ. ಇಂಗ್ಲಿಷ್ ಬಾರದೆ ಒಳಗೆ ಹೋಗುವಂತಿಲ್ಲ ಎಂದಾದರೆ, ಜನರ ಭಾಷೆ ಬಾರದೆ ಹೊರಗೆ ಬರುವಂತೆಯೂ ಇರಬಾರದು.

ಆ ಹುಡುಗಿ ಈಗ ಜಿಲ್ಲಾ ಕೇಂದ್ರದಲ್ಲಿ ಬಿ.ಎ.ಗೆ ಸೇರಿದ್ದಾಳೆ. ಮುಗಿಸಿ ಮೂರು ವರ್ಷದ ಎಲ್‌ಎಲ್‌.ಬಿ. ಮಾಡುತ್ತೇನೆ ಎನ್ನುತ್ತಾಳೆ. ಮಾಡುತ್ತಾಳೆ, ಅನುಮಾನವಿಲ್ಲ. ನಷ್ಟ ನಾಗರಬಾವಿಯದು.

ಓದುತ್ತಿರುವ ಗೆಳೆಯರಲ್ಲಿ ಒಂದು ಮನವಿ. ಈ ನಿಯಮಗಳು ಬದಲಾಗುವವರೆಗೆ ಕಾಯಬೇಡಿ. ಮಳೆಗಾಲ ಮುಗಿಯುವ ಮೊದಲೇ ನಿಮ್ಮೂರಿನ ಪಿಯು ಕಾಲೇಜಿಗೆ ಹೋಗಿ, ನೋಟಿಸ್ ಬೋರ್ಡಿನಲ್ಲಿ ಕ್ಲಾಟ್ ಅರ್ಜಿಯ ಕೊನೆಯ ದಿನಾಂಕ ಬರೆದು ಅಂಟಿಸಿ ಬನ್ನಿ. ಕನ್ನಡದಲ್ಲಿ ಬರೆಯಿರಿ.