ಹಿರಿತನವೆಂದರೆ ಹೊಣೆ



ನಡೆ-ನುಡಿ ಒಂದಾಗಬೇಕೆಂಬ ಮಾತನ್ನು ನಾವು ನಿತ್ಯ ಕೇಳುತ್ತೇವೆ, ಹೇಳುತ್ತೇವೆ. ಆದರೆ ಯೋಚಿಸಲು ಕ್ಷಣಕಾಲವೂ ಇಲ್ಲದಾಗ ಮನುಷ್ಯನು ಏನು ಮಾಡುತ್ತಾನೆಂಬುದೇ ಅದರ ನಿಜವಾದ ಒರೆಗಲ್ಲು. ಅಂಥ ಕ್ಷಣವೊಂದು 2025ರ ಮೇ 22ರಂದು ಉತ್ತರ ಸಿಕ್ಕಿಮಿನ ಬೆಟ್ಟಗಳಲ್ಲಿ ಒದಗಿಬಂದಿತು.

ಸಿಕ್ಕಿಂ ಸ್ಕೌಟ್ಸ್ ಪಡೆಯ ಲೆಫ್ಟಿನೆಂಟ್ ಶಶಾಂಕ್ ತಿವಾರಿ ಗಸ್ತು ತುಕಡಿಯೊಂದನ್ನು ಮುನ್ನಡೆಸುತ್ತಿದ್ದರು. ಮರದ ದಿಮ್ಮಿಯ ಸೇತುವೆಯನ್ನು ದಾಟುತ್ತಿದ್ದ ಅಗ್ನಿವೀರನೊಬ್ಬ ಕಾಲುಜಾರಿ ಹೊಳೆಗೆ ಬಿದ್ದ. ಅವನನ್ನು ಉಳಿಸಲು ಶಶಾಂಕ್ ನೀರಿಗೆ ಧುಮುಕಿದರು. ಇನ್ನೊಬ್ಬ ಯೋಧರೂ ನೆರವಿಗೆ ಧುಮುಕಿದರು. ಬಿದ್ದವನು ಬದುಕಿದ, ಅಧಿಕಾರಿಯನ್ನು ಪ್ರವಾಹ ಸೆಳೆದೊಯ್ದಿತು. ಅಯೋಧ್ಯೆಯ ಆ ತರುಣನಿಗೆ ಆಗ 23 ವರ್ಷ. ಅಧಿಕಾರಿಯಾಗಿ ಆರು ತಿಂಗಳೂ ತುಂಬಿರಲಿಲ್ಲ. ಶಾಂತಿಕಾಲದ ಶೌರ್ಯ ಪುರಸ್ಕಾರಗಳಲ್ಲಿ ಎರಡನೆಯದಾದ ಕೀರ್ತಿ ಚಕ್ರವು ಅದೇ ವರ್ಷ ಅವರಿಗೆ ಮರಣೋತ್ತರವಾಗಿ ಸಂದಿತು.

ಇಲ್ಲಿ ಹಗೆಯಿರಲಿಲ್ಲ, ಗೆಲ್ಲಬೇಕಾದ ನೆಲವಿರಲಿಲ್ಲ. ಇದ್ದುದು ಮುಳುಗುತ್ತಿರುವ ಒಂದು ಜೀವ. ಸೇನೆಯ ಶ್ರೇಣಿಯಲ್ಲಿ ಆ ಜೀವ ಎಲ್ಲರಿಗಿಂತ ಕೆಳಗಿನದು. ತರಬೇತಾದ ಅಧಿಕಾರಿಯೊಬ್ಬನು ಹೀಗೆ ಪ್ರಾಣ ಒಡ್ಡುವುದು ಸರಿಯೇ ಎಂದು ಲೆಕ್ಕ ಹಾಕುವವರಿದ್ದಾರು. ಆದರೆ ದರ್ಜೆ ನೋಡಿ ಜೀವಕ್ಕೆ ಬೆಲೆ ಕಟ್ಟುವ ಆ ಲೆಕ್ಕವೇ ತಪ್ಪು. ಮೊದಲು ದೇಶ, ಬಳಿಕ ತನ್ನ ಅಧೀನದವರ ಕ್ಷೇಮ, ಕೊನೆಗೆ ತನ್ನ ಸುಖ ಎಂಬುದು ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿ ತನ್ನ ಅಧಿಕಾರಿಗಳಿಗೆ ಕಲಿಸುವ ಕ್ರಮ. ಶಶಾಂಕರು ಅದನ್ನು ನಡೆದು ತೋರಿದರು.

ನಮ್ಮ ಊರುಗಳ ಕ್ರಮವಾದರೋ ಇದಕ್ಕೆ ತಿರುಗಾಮುರುಗಾ. 2013ರ ಕಾಯಿದೆಯು ನಿಷೇಧಿಸಿದ ಮೇಲೂ ಮ್ಯಾನ್‌ಹೋಲಿಗೆ ಬಡವನನ್ನೇ ಇಳಿಸುತ್ತೇವೆ. ಇಳಿಸಿದವನು ಮೇಲೆ ನಿಂತಿರುತ್ತಾನೆ. ವಿಷಗಾಳಿಗೆ ಕುಸಿದವನನ್ನು ಎತ್ತಲು ಹೋದ ಜೊತೆಗಾರನೂ ಎಷ್ಟೋ ಸಲ ಅಲ್ಲಿಯೇ ಅಸುನೀಗುತ್ತಾನೆ. ಅವನದೂ ಇದೇ ಶೌರ್ಯವಲ್ಲವೇ? ಅವನಿಗೆ ಯಾವ ಚಕ್ರವೂ ಇಲ್ಲ, ಹೆಸರೂ ಉಳಿಯುವುದಿಲ್ಲ.

ವೀರನಿಗೆ ಕೈಮುಗಿಯುವುದು ಸುಲಭ. ನಮ್ಮ ಕೈಕೆಳಗೆ ದುಡಿಯುವವರನ್ನು ಅಪಾಯಕ್ಕೆ ತಳ್ಳದಿರುವುದು, ತಳ್ಳುವವರನ್ನು ತಡೆಯುವುದು ಕಷ್ಟ. ಆ ಕಷ್ಟವನ್ನು ಹೊತ್ತಾಗಲೇ ನಮ್ಮ ನಮನಕ್ಕೆ ಅರ್ಥ ಬರುತ್ತದೆ.