ಸ್ಪ್ಯಾನಿಶ್ ಕಲಿಯೋಕೆ ಇಂಗ್ಲಿಷ್ ದಾಟಿಯೇ ಹೋಗಬೇಕಾ?

ಹರಿಹರದಿಂದ ದಾವಣಗೆರೆಗೆ ದಿನಾ ಬಸ್ಸಲ್ಲಿ ಓಡಾಡೋರಿಗೆ ಗೊತ್ತು, ಸೀಟು ಸಿಕ್ಕಿದರೆ ಆ ಅರ್ಧ ಗಂಟೆ ಪೂರ್ತಿ ನಮ್ಮದು. ಈ ಸೆಮಿಸ್ಟರ್‌ನಲ್ಲಿ ಆ ಹೊತ್ತನ್ನು ಸ್ಪ್ಯಾನಿಶ್‌ಗೆ ಇಟ್ಟೆ. 20 ದೇಶಗಳ ಆಡಳಿತ ಭಾಷೆ, ಕಲಿತರೆ ನಷ್ಟ ಏನಿಲ್ಲ ಅನ್ನೋ ಲೆಕ್ಕ. ಮೊದಲ ವಾರವೇ ತಲೆ ಕೆಟ್ಟುಹೋಯ್ತು. ವಿವರಣೆ ಎಲ್ಲಾ ಇಂಗ್ಲಿಷಿನಲ್ಲಿ, ಪ್ರತಿ ಪಾಠದಲ್ಲೂ "ಇದು ಇಂಗ್ಲಿಷ್‌ಗಿಂತ ಬೇರೆ, ಹುಷಾರು" ಅನ್ನೋ ಎಚ್ಚರಿಕೆ.

ಒಂದು ಸಂಜೆ ಗೆಳೆಯ ಕೇಳಿದ, "ಬೆಣ್ಣೆ ದೋಸೆ ತಿಂತೀಯೇನಲೇ?" "ತಿಂತೀನಿ" ಅಂದೆ. ಅವನು 'ನೀನು' ಅನ್ನಲಿಲ್ಲ, ನಾನು 'ನಾನು' ಅನ್ನಲಿಲ್ಲ. ಯಾರು ತಿನ್ನೋದು ಅಂತ ಕ್ರಿಯಾಪದದ ಬಾಲವೇ ಹೇಳಿಬಿಡ್ತು. ಸ್ಪ್ಯಾನಿಶ್ ಮಾಡೋದೂ ಇದನ್ನೇ! 'ಕೊಮೆಸ್?' ಅಂದ್ರೆ 'ತಿಂತೀಯಾ?', 'ಕೊಮೊ' ಅಂದ್ರೆ 'ತಿಂತೀನಿ'. ಒತ್ತಿ ಹೇಳಬೇಕಾದಾಗ ಮಾತ್ರ 'ಯೊ', ಅಂದರೆ 'ನಾನು', ಸೇರಿಸಿದರೆ ಸಾಕು.

ಅವತ್ತಿನಿಂದ ಪ್ರತಿ ಪಾಠವನ್ನೂ ಕನ್ನಡದ ಪಕ್ಕ ಇಟ್ಟು ನೋಡಿದೆ. ಮಾತಾಡ್ತೀನಿ, ಮಾತಾಡ್ತೀಯ, ಮಾತಾಡ್ತೀವಿ, ಮಾತಾಡ್ತಾರೆ. ಆಬ್ಲೊ, ಆಬ್ಲಾಸ್, ಆಬ್ಲಾಮೊಸ್, ಆಬ್ಲಾನ್. ಗೆಳೆಯನಿಗೆ 'ತು', ಗುರುತಿಲ್ಲದ ಹಿರಿಯರಿಗೆ 'ಉಸ್ತೆದ್'. ನಮ್ಮ ನೀನು, ನೀವು ಇದ್ದ ಹಾಗೇ.

ಇಂಗ್ಲಿಷ್ ಮೂಲಕ ಕಲಿಯೋರಿಗೆ ದೊಡ್ಡ ತಲೆನೋವು 'ಮೆ ಗುಸ್ತಾ ಎಲ್ ಕಫೆ'. ನಮಗೆ? 'ನನಗೆ ಕಾಫಿ ಇಷ್ಟ ಆಗುತ್ತೆ'. 'ಮೆ' ಅಂದ್ರೆ 'ನನಗೆ'. ಇಷ್ಟ ಆಗೋದು ಕಾಫಿ, ಹಾಗಾಗಿ ಕ್ರಿಯಾಪದ ಕಾಫಿಯ ಹಿಂದೆ ಹೋಗುತ್ತೆ. ಪುಸ್ತಕಗಳಾದರೆ 'ಗುಸ್ತಾನ್', ನಮ್ಮಲ್ಲಿ 'ಇಷ್ಟ ಆಗ್ತವೆ'. ಹೈಸ್ಕೂಲಲ್ಲಿ 'ಗೆ, ಇಗೆ, ಕ್ಕೆ' ಅಂತ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತ ಚತುರ್ಥಿ ವಿಭಕ್ತಿ ಇದೇ.

'ಸೊಯ್', 'ಎಸ್ತೊಯ್' ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ. ಕನ್ನಡದಲ್ಲಿ 'ನಾನು ಸ್ಟೂಡೆಂಟ್' ಅನ್ನೋಕೆ ಕ್ರಿಯಾಪದವೇ ಬೇಡ, ಅಲ್ಲಿ 'ಸೊಯ್'. 'ಹರಿಹರದಲ್ಲಿದ್ದೀನಿ' ಅನ್ನೋವಾಗ 'ಇರು' ಬರುತ್ತೆ, ಅಲ್ಲಿ 'ಎಸ್ತೊಯ್'. ಎಲ್ಲಾ ಕಡೆ ಈ ಲೆಕ್ಕ ಸರಿಹೋಗಲ್ಲ, ಶುರುವಿಗೆ ಸಾಕು.

ಕನ್ನಡ ಕೈಕೊಡೋ ಜಾಗಗಳೂ ಇವೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ, ಅವರದು ಸಾಮಾನ್ಯವಾಗಿ ಕರ್ಮಕ್ಕಿಂತ ಮೊದಲು: 'ಕೊಮೊ ದೋಸಾ'. ನಮಗೆ ಮೇಜು, ಪುಸ್ತಕ ಎಲ್ಲಾ ನಪುಂಸಕ ಲಿಂಗ. ಅವರಿಗೆ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಇದನ್ನು ಉರು ಹೊಡೆಯದೆ ಬೇರೆ ದಾರಿ ಇಲ್ಲ.

ಇಷ್ಟೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಫಾರಿನ್ ಲಾಂಗ್ವೇಜ್ ಅಂದ ತಕ್ಷಣ ಕನ್ನಡ ಮೀಡಿಯಂನಿಂದ ಬಂದ ನಮ್ಮ ಗೆಳೆಯರು ಹಿಂದೆ ಸರೀತಾರೆ. "ಇಂಗ್ಲಿಷೇ ನೆಟ್ಟಗೆ ಬರಲ್ಲ, ಇನ್ನು ಸ್ಪ್ಯಾನಿಶಾ?" ಅಂತಾರೆ. ಇಂಗ್ಲಿಷ್ ಚೆನ್ನಾಗಿ ಬಂದವರಿಗೇ ಮೂರನೇ ಭಾಷೆ ಅನ್ನೋ ಲೆಕ್ಕ ನನ್ನ ಪ್ರಕಾರ ತಪ್ಪು. ಪ್ಲೇಸ್‌ಮೆಂಟ್‌ಗೆ ಇಂಗ್ಲಿಷ್ ಬೇಕು, ಅದರಲ್ಲಿ ವಾದ ಇಲ್ಲ. ಆದರೆ 'ಗುಸ್ತಾ' ಅರ್ಥ ಆಗೋಕೆ ಅದು ಬೇಕಿಲ್ಲ. 13ನೇ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ' ಬರೆದು ವಿಭಕ್ತಿ, ಕ್ರಿಯಾಪದಗಳನ್ನು ಬಿಡಿಸಿಟ್ಟ ಭಾಷೆ ನಮ್ಮದು. ವ್ಯಾಕರಣ ವಿವರಿಸೋಕೆ ಅದರಲ್ಲಿ ಪದಗಳಿಗೆ ಬರ ಇಲ್ಲ.

ನಮ್ಮ ಸಂಘಕ್ಕೆ ಒಂದು ಸಲಹೆ. ನವೆಂಬರ್‌ನಲ್ಲಿ ಬಾವುಟ ಹಾರಿಸೋದರ ಜೊತೆ, ವಾರಕ್ಕೆ ಅರ್ಧ ಗಂಟೆ ಒಂದು ಖಾಲಿ ಕ್ಲಾಸ್‌ರೂಮ್ ಕೇಳಿ ತಗೊಳ್ಳೋಣ. ಬೋರ್ಡಿನ ಎಡಕ್ಕೆ ಕನ್ನಡ ವಾಕ್ಯ, ಬಲಕ್ಕೆ ಸ್ಪ್ಯಾನಿಶ್. ಮೊದಲ ವಾರದ ಬೋರ್ಡ್ ನಾನು ಬರೀತೀನಿ. ತಪ್ಪಿದ್ದರೆ ತಿದ್ದೋಕೆ ನೀವು ಬರ್ತೀರಾ?